ಅಂತರಿಕ್ಷದಲ್ಲಿ ಲಂಗರು: ಜಪಾನಿನ ವ್ಯೋಮಸಾಹಸಗಳ ಕಡಲಿನ ಹುಚ್ಚು (ಪದೇ ಪದೇ ಕೇಳುವ ಪ್ರಶ್ನೆಗಳು)

ಹಳೆಯ ಜಪಾನಿ ಅಂತರಿಕ್ಷ ಸಾಹಸಗಳನ್ನು ಮೊದಲ ಸಲ ನೋಡಿದವರು ಒಂದು ಗಳಿಗೆ ನಗುತ್ತಾರೆ, ಮರುಗಳಿಗೆಯೇ ಪ್ರಶ್ನೆ ಕೇಳುತ್ತಾರೆ. ನಕ್ಷತ್ರಗಳ ನಡುವೆ ಯುದ್ಧನೌಕೆ ಏಕೆ? ಹಾಯಿ ಏಕೆ? ಕಪ್ತಾನನಿಗೆ ಗಡ್ಡ ಏಕೆ? ಉತ್ತರಗಳಲ್ಲಿ ಕೆಲವು ಇತಿಹಾಸದಲ್ಲಿವೆ, ಕೆಲವು ಸ್ಟುಡಿಯೊದ ನೀರಿನ ತೊಟ್ಟಿಯಲ್ಲಿವೆ. ಗಡ್ಡದ ವಿಷಯ ಮಾತ್ರ ಬರೀ ಶೋಕಿ.

ಯಾವ ಕಥೆಗಳ ಬಗ್ಗೆ ಈ ಮಾತು?

ಮುಖ್ಯವಾಗಿ 1960ರಿಂದ 1980ರ ದಶಕದವರೆಗಿನವು. ದೂರದರ್ಶನದ ಅನಿಮೆ (ಜಪಾನಿ ಅನಿಮೇಷನ್) ಸರಣಿಗಳಾದ 'ಸ್ಪೇಸ್ ಬ್ಯಾಟಲ್‌ಶಿಪ್ ಯಮಾತೊ' (1974) ಮತ್ತು 'ಸ್ಪೇಸ್ ಪೈರೇಟ್ ಕ್ಯಾಪ್ಟನ್ ಹಾರ್ಲಾಕ್' (1978), ತೊಹೊ ಸಂಸ್ಥೆಯ 'ದಿ ವಾರ್ ಇನ್ ಸ್ಪೇಸ್' (1977), ತೊಯೆ ಸಂಸ್ಥೆಯ 'ಮೆಸೇಜ್ ಫ್ರಮ್ ಸ್ಪೇಸ್' (1978), ಮತ್ತು ಇವುಗಳ ಹಿಂದೆ ಮುಂದೆ ಬಂದ ನೆಂಟರಿಷ್ಟರು. ಇವುಗಳಲ್ಲಿ ಭಾವಾವೇಶ ಹೆಚ್ಚು, ಭೌತಶಾಸ್ತ್ರ ಕಡಿಮೆ, ಸಂಗೀತ ಕಿವಿಗಡಚಿಕ್ಕುವಷ್ಟು. 'ಲೆಜೆಂಡ್ ಆಫ್ ದಿ ಗ್ಯಾಲಕ್ಟಿಕ್ ಹೀರೋಸ್' ಕೂಡ ನೌಕಾಪಡೆಗಳ ಕಥೆಯೇ. ಆದರೆ ಅದು ರಾಜಕೀಯ ಚರ್ಚೆಯ ಗಂಭೀರ ಕೃತಿ, ಈ ಪಂಕ್ತಿಯಲ್ಲಿ ಕೂರಿಸಿದರೆ ಅದಕ್ಕೂ ಇರುಸುಮುರುಸು, ನಮಗೂ ಇರುಸುಮುರುಸು.

ಇದೆಲ್ಲ 'ಯಮಾತೊ'ದಿಂದಲೇ ಶುರುವಾಯಿತೇ?

ಇಲ್ಲ. ಬೇರು ಇನ್ನೂ ಎಪ್ಪತ್ತು ವರ್ಷ ಕೆಳಗಿದೆ. ಶುನ್ರೊ ಒಶಿಕಾವಾ 1900ರಲ್ಲಿ ಬರೆದ 'ಕೈತೇ ಗುಂಕನ್' ಎಂಬ ಬಾಲಕರ ಸಾಹಸ ಕಾದಂಬರಿಯಲ್ಲಿ ಹಿಂದೂ ಮಹಾಸಾಗರದಲ್ಲಿ ಕಡಲ್ಗಳ್ಳರು ಹಡಗೊಂದನ್ನು ಮುಳುಗಿಸುತ್ತಾರೆ. ನಿರ್ಜನ ದ್ವೀಪವೊಂದರಲ್ಲಿ ಜಪಾನಿ ನೌಕಾಧಿಕಾರಿಯೊಬ್ಬ ಗುಟ್ಟಾಗಿ ಅದ್ಭುತ ಜಲಾಂತರ್ಗಾಮಿಯನ್ನು ಕಟ್ಟುತ್ತಿರುತ್ತಾನೆ. 1963ರಲ್ಲಿ ಇಶಿರೊ ಹೊಂಡಾ ಅದನ್ನು ಅದೇ ಹೆಸರಿನ ಚಲನಚಿತ್ರವಾಗಿಸಿದರು. ಹೊರದೇಶಗಳಲ್ಲಿ ಅದು 'ಅಟ್ರಗಾನ್' ಎಂದು ಪರಿಚಿತ. ಚಿತ್ರದ ಹೊತ್ತಿಗೆ ಜಲಾಂತರ್ಗಾಮಿಗೆ ಮೂತಿಯಲ್ಲಿ ದೊಡ್ಡ ಬೈರಿಗೆ ಬಂದಿತ್ತು. ಗೊತೆಂಗೊ ಎಂಬ ಆ ಹಡಗು ನೀರಿನಡಿ ಸಾಗುತ್ತದೆ, ನೆಲ ಕೊರೆಯುತ್ತದೆ, ಆಕಾಶದಲ್ಲೂ ಹಾರುತ್ತದೆ.

ಅದರ ಕಪ್ತಾನ ಜಿಂಗೂಜಿ ಎರಡನೇ ಮಹಾಯುದ್ಧ ಮುಗಿದು ಹದಿನೆಂಟು ವರ್ಷವಾದರೂ ಸೋಲನ್ನು ಒಪ್ಪದೆ, ಸಾಮ್ರಾಜ್ಯದ ಕನಸನ್ನು ಎದೆಯಲ್ಲಿಟ್ಟುಕೊಂಡು ಕಾಡಿನಲ್ಲಿ ಅವಿತಿದ್ದವನು. ಹಡಗು ತನ್ನ ದೇಶಕ್ಕೆ ಮಾತ್ರ ಎಂದು ಅವನ ಹಟ. ಇಡೀ ಜಗತ್ತಿಗೆ ಬೇಕು ಎಂದು ಅವನನ್ನು ಹುಡುಕಿಕೊಂಡು ಬಂದವರ ವಾದ. ಸೋತ ನೌಕಾಪಡೆಯ ಹಡಗನ್ನು ಮನುಕುಲದ ರಕ್ಷಣೆಗೆ ಹೊರಡಿಸುವುದು, ಆ ಮೂಲಕ ಹಳೆಯ ಗಾಯಕ್ಕೆ ಮುಲಾಮು ಹಚ್ಚುವುದು ಎಂಬ ಸೂತ್ರ ಸಿದ್ಧವಾದದ್ದು ಇಲ್ಲಿ. 'ಯಮಾತೊ' ಅದನ್ನು ಅಂತರಿಕ್ಷಕ್ಕೆ ಒಯ್ದಿತು.

ಮುಳುಗಿಹೋದ ಹಡಗನ್ನೇ ಎಬ್ಬಿಸಬೇಕಿತ್ತೇ? ಹೊಸದೊಂದನ್ನು ಕಟ್ಟಬಾರದಿತ್ತೇ?

ಕಟ್ಟಿದ್ದರೆ ಇವತ್ತು ಯಾರೂ ಅದರ ಬಗ್ಗೆ ಮಾತನಾಡುತ್ತಿರಲಿಲ್ಲ.

ನಿಜವಾದ ಯಮಾತೊ ಕುರೆ ನೌಕಾಂಗಣದಲ್ಲಿ ಕಟ್ಟಿದ ಹಡಗು, 263 ಮೀಟರ್ ಉದ್ದ. ಅದರ ಮೇಲಿದ್ದ 46 ಸೆಂಟಿಮೀಟರ್ ಬಾಯಿಯ ಒಂಬತ್ತು ಫಿರಂಗಿಗಳಿಗಿಂತ ದೊಡ್ಡವನ್ನು ಬೇರಾವ ಯುದ್ಧನೌಕೆಯೂ ಹೊತ್ತಿರಲಿಲ್ಲ. 1941ರ ಡಿಸೆಂಬರಿನಲ್ಲಿ ಅದು ಸೇವೆಗೆ ಬರುವಷ್ಟರಲ್ಲಿ ದೊಡ್ಡ ಫಿರಂಗಿಗಳ ಕಾಲವೇ ಮುಗಿದಿತ್ತು, ವಿಮಾನಗಳ ಕಾಲ ಬಂದಿತ್ತು. 1945ರ ಏಪ್ರಿಲ್ 7ರಂದು, ಮರಳಿ ಬರುವ ಭರವಸೆಯಿಲ್ಲದ ಹೊರಡಿಕೆಯಲ್ಲಿ ಓಕಿನಾವಾ ಕಡೆಗೆ ಸಾಗುತ್ತಿದ್ದಾಗ ಅಮೆರಿಕದ ವಿಮಾನಗಳು ಅದನ್ನು ಮುಳುಗಿಸಿದವು. ಸುಮಾರು 3,000 ನಾವಿಕರು ಸತ್ತರು. ಇಷ್ಟು ದೊಡ್ಡದು, ಇಷ್ಟು ವ್ಯರ್ಥವಾಗಿ ಹೋದದ್ದು ಇನ್ನೊಂದಿಲ್ಲ ಎಂಬ ಭಾವನೆ ಜಪಾನಿನಲ್ಲಿ ಉಳಿದುಕೊಂಡಿತು.

ಸರಣಿಯ ಕಥೆ ನಡೆಯುವುದು 2199ರಲ್ಲಿ. ಗಮಿಲಾಸ್ ಎಂಬ ಶತ್ರುಗಳ ಗ್ರಹಬಾಂಬುಗಳಿಂದ ಭೂಮಿಯ ಸಮುದ್ರಗಳೆಲ್ಲ ಬತ್ತಿಹೋಗಿವೆ. ಜನ ನೆಲದಡಿ ಬದುಕುತ್ತಿದ್ದಾರೆ, ವಿಕಿರಣ ಕೆಳಗಿಳಿಯುತ್ತಿದೆ, ಇರುವುದು ಒಂದೇ ವರ್ಷ. ಒಣಗಿದ ಕಡಲ ತಳದಲ್ಲಿ ತುಕ್ಕು ಹಿಡಿದ ಹಳೆಯ ಹಡಗು ಸೂರ್ಯಾಸ್ತದ ಕೆಂಪಿನಲ್ಲಿ ಬಿದ್ದಿದೆ. ಆ ಅಸ್ಥಿಪಂಜರದೊಳಗೆ ಗುಟ್ಟಾಗಿ ಹೊಸ ಹಡಗು ಸಿದ್ಧವಾಗುತ್ತಿದೆ. ಎರಡನೆಯ ಕಂತಿನಲ್ಲಿ ಅದು ಏಳುವ ದೃಶ್ಯವನ್ನು ಗಮನಿಸಿ: ಮೊದಲು ನೆಲ ಬಿರಿಯುತ್ತದೆ, ಆಮೇಲೆ ತುಕ್ಕಿನ ಹಕ್ಕಳೆಗಳು ಉದುರುತ್ತವೆ, ಒಳಗಿನಿಂದ ಫಿರಂಗಿಗಳು ತಿರುಗುತ್ತವೆ, ಹಿನ್ನೆಲೆಯಲ್ಲಿ ಹಿರೋಶಿ ಮಿಯಾಗಾವಾ ಅವರ ವಾದ್ಯವೃಂದ. ಕಣ್ಣೀರು ಬರಿಸುವ ತಂತ್ರ ಎಂದು ಬುದ್ಧಿ ಹೇಳುತ್ತಿರುವಾಗಲೇ ಮೈ ನವಿರೇಳುತ್ತದೆ.

ಇಲ್ಲೊಂದು ವಿಚಿತ್ರ ಹೊಂದಾಣಿಕೆ ಇದೆ. ಸಮುದ್ರ ಇದ್ದಾಗ ಹಡಗು ಅದರಲ್ಲಿ ಮುಳುಗಿತು. ಸಮುದ್ರವೇ ಇಲ್ಲವಾದಾಗ ಹಡಗು ಎದ್ದಿತು. ಅದು 1,48,000 ಜ್ಯೋತಿರ್ವರ್ಷ ದೂರದ ಇಸ್ಕಂದರ್ ಗ್ರಹಕ್ಕೆ ಹೋಗಿ ವಿಕಿರಣ ತೊಳೆಯುವ ಯಂತ್ರ ತರಬೇಕು, ಕಡಲನ್ನು ಮತ್ತೆ ನೀಲಿಯಾಗಿಸಬೇಕು. ನಾವಿಕರು ಕಳೆದುಕೊಂಡಿರುವುದು ಕಡಲನ್ನೇ ಎಂದ ಮೇಲೆ ಹಡಗಿನಲ್ಲದೆ ಇನ್ನು ಯಾವುದರಲ್ಲಿ ಹೋಗಬೇಕು?

ಅಂದಹಾಗೆ, 1985ರ ಶೋಧದಲ್ಲಿ ನಿಜವಾದ ಯಮಾತೊದ ಅವಶೇಷ ಎರಡು ತುಂಡಾಗಿ, ಹಿಂಭಾಗ ಬೋರಲಾಗಿ ಬಿದ್ದಿರುವುದು ಖಚಿತವಾಯಿತು. ಚಿತ್ರಕಾರರು ಬಿಡಿಸಿದ ಇಡಿಯಾದ, ಗಂಭೀರವಾದ ಶವ ಅಲ್ಲಿ ಇರಲಿಲ್ಲ.

ಅಂತರಿಕ್ಷದ ಹಡಗಿನ ತಳಕ್ಕೆ ಕೆಂಪು ಬಣ್ಣ ಏಕೆ?

ಎಲ್ಲಕ್ಕಿಂತ ನನಗೆ ಪ್ರಿಯವಾದ ಅಸಂಬದ್ಧತೆ ಇದು. ಮಂಗಳೂರಿನ ಬಂದರಿನಲ್ಲಿ ಸರಕು ಇಳಿಸಿ ಹಗುರವಾದ ಹಡಗು ನೀರಿನಿಂದ ಮೇಲೆದ್ದು ನಿಂತಾಗ ಅದರ ಕೆಳಭಾಗ ಕೆಂಪಗೆ ಕಾಣುವುದನ್ನು ನೀವು ನೋಡಿರಬಹುದು. ಚಿಪ್ಪುಜೀವಿಗಳೂ ಪಾಚಿಯೂ ಅಂಟದಿರಲೆಂದು ಹಚ್ಚುವ ಬಣ್ಣವದು. ಅದರಲ್ಲಿನ ತಾಮ್ರದ ಸಂಯುಕ್ತಗಳು ಜೀವಿಗಳನ್ನು ದೂರವಿಡುತ್ತವೆ, ಕೆಂಪೂ ಹೆಚ್ಚಾಗಿ ಅದರಿಂದಲೇ ಬಂದದ್ದು. ಅಂತರಿಕ್ಷದ ಯಮಾತೊಗೂ ನೀರಿನ ಮಟ್ಟ ಎಲ್ಲಿರಬೇಕೋ ಅಲ್ಲಿಗೆ ಸರಿಯಾಗಿ ಕೆಂಪು ಬಳಿದಿದ್ದಾರೆ. ಇಸ್ಕಂದರ್ ಇರುವ ನೆರೆಯ ಗೆಲಾಕ್ಸಿ ಮೆಗೆಲನ್ ಮೋಡದ ದಾರಿಯಲ್ಲಿ ಚಿಪ್ಪುಜೀವಿಗಳ ಕಾಟ ಇರಲಾರದು. ಆದರೆ ಆ ಕೆಂಪನ್ನು ತೆಗೆದುಹಾಕಿ ನೋಡಿ, ಹಡಗು ಬರೀ ಯಂತ್ರವಾಗಿಬಿಡುತ್ತದೆ. ಬಣ್ಣ ಕೂಡಿಕೊಳ್ಳುವ ಆ ಗೆರೆ ಕಾಣಿಸಿದರೆ ಸಾಕು, ಇಲ್ಲದ ನೀರನ್ನು ಕಣ್ಣು ತಾನೇ ತುಂಬಿಸಿಕೊಳ್ಳುತ್ತದೆ.

ಹೊಗೆಕೊಳವೆ, ಲಂಗರು ಇವೆಲ್ಲ ಕೆಲಸಕ್ಕೆ ಬರುತ್ತವೆಯೇ?

ಬರುವಂತೆ ಮಾಡಿದ್ದಾರೆ. ಹೊಗೆಕೊಳವೆಯಿಂದ ಕ್ಷಿಪಣಿಗಳು ಹಾರುತ್ತವೆ. ಲಂಗರಿಗೆ ರಾಕೆಟ್ ಕಟ್ಟಿದ್ದಾರೆ; ಅದನ್ನು ಬಂಡೆಗೆ ಹಾರಿಸಿ ಹಡಗನ್ನು ನಿಲ್ಲಿಸಬಹುದು. ಮೂತಿಯಲ್ಲಿ ಒಂದೇ ಹೊಡೆತಕ್ಕೆ ಖಂಡವನ್ನೇ ಅಳಿಸಬಲ್ಲ ತರಂಗ ಫಿರಂಗಿ. ಮಾದರಿ ಹಡಗುಗಳನ್ನು ಜೋಡಿಸಿ ಬೆಳೆದ ಹುಡುಗರು ದೊಡ್ಡವರಾದ ಮೇಲೆ ಯಾವ ಭಾಗವನ್ನೂ ಎಸೆಯಲು ಮನಸ್ಸು ಬಾರದೆ ಪ್ರತಿಯೊಂದಕ್ಕೂ ಹೊಸ ಉದ್ಯೋಗ ಕೊಟ್ಟಂತಿದೆ. ಇದು ಊಹೆಯಷ್ಟೇ ಅಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ಬಾಲಕರ ವಾರಪತ್ರಿಕೆಗಳಲ್ಲಿ ಯುದ್ಧನೌಕೆಗಳ ಸಚಿತ್ರ ಲೇಖನಗಳ ಸುಗ್ಗಿಯೇ ಇತ್ತು. ಪ್ಲಾಸ್ಟಿಕ್ ಮಾದರಿಗಳ ಡಬ್ಬಿಯ ಮೇಲೆ ಅಬ್ಬರದ ಕಡಲಯುದ್ಧಗಳನ್ನು ಬಿಡಿಸಿ ಹೆಸರಾದ ಶಿಗೆರು ಕೊಮಾತ್ಸುಜಾಕಿ ಅವರೇ ಗೊತೆಂಗೊವಿನ ವಿನ್ಯಾಸಕ್ಕೂ ಕೈಹಾಕಿದವರು.

'ಮೂರನೇ ಬ್ರಿಜ್' ಹಾಸ್ಯ ಎಂದರೇನು?

ಯಮಾತೊದ ಹೊಟ್ಟೆಯ ಕೆಳಗೆ ನೇತಾಡುವ ಒಂದು ನಿಯಂತ್ರಣ ಕೋಣೆ ಇದೆ. ಯಾವ ಯುದ್ಧವಾದರೂ ಮೊದಲು ನಾಶವಾಗುವುದು ಅದೇ. ಮುಂದಿನ ಕಂತಿನಲ್ಲಿ ಏನೂ ಆಗಿಲ್ಲವೆಂಬಂತೆ ಸ್ವಸ್ಥಾನದಲ್ಲಿರುತ್ತದೆ. ಅಲ್ಲಿಗೆ ವರ್ಗಾವಣೆಯಾದವರ ವಿಮೆಯ ಬಗ್ಗೆ ಅಭಿಮಾನಿಗಳು ಇಂದಿಗೂ ತಮಾಷೆ ಮಾಡುತ್ತಾರೆ.

ಹಾಯಿ ಬಿಚ್ಚಿದ ಹಡಗು ಅಂತರಿಕ್ಷದಲ್ಲಿ ಹೋಗುವ ಚಿತ್ರ ಯಾವುದು? ಅದು ಸಾಧ್ಯವೇ?

ಕಿಂಜಿ ಫುಕಾಸಾಕು ನಿರ್ದೇಶಿಸಿದ 'ಮೆಸೇಜ್ ಫ್ರಮ್ ಸ್ಪೇಸ್'. ಅಮೆರಿಕದಲ್ಲಿ 'ಸ್ಟಾರ್ ವಾರ್ಸ್' ಗೆದ್ದ ಸುದ್ದಿ ಬಂದಿತ್ತು, ಅದು ಜಪಾನಿನ ಚಿತ್ರಮಂದಿರಗಳಿಗೆ ಬರುವುದು ಮರುವರ್ಷದ ಬೇಸಿಗೆಯವರೆಗೆ ತಡವಾಯಿತು. ಆ ಸಂದಿಯಲ್ಲಿ ತೊಯೆ ಸಂಸ್ಥೆ 1978ರ ಏಪ್ರಿಲಿನಲ್ಲಿ ತನ್ನದನ್ನು ನುಗ್ಗಿಸಿತು. ಕಥೆಯ ಎಲುಬು ಹತ್ತೊಂಬತ್ತನೇ ಶತಮಾನದಲ್ಲಿ ಬಾಕಿನ್ ಬರೆದ ಎಂಟು ವೀರರ ಮಹಾಕಾದಂಬರಿಯದು: ಎಂಟು ಮಾಯಾ ಬೀಜಗಳು ಎಂಟು ಜನರನ್ನು ಆರಿಸುತ್ತವೆ. ಅವರನ್ನು ಹೊತ್ತೊಯ್ಯುವುದು ಕೂವೆಕಂಬ, ಹಗ್ಗ, ಹಾಯಿ ಎಲ್ಲ ಇರುವ ಅಪ್ಪಟ ಹಾಯಿಹಡಗು. ಚಿತ್ರದ ಇನ್ನೊಂದೆಡೆ ಯುವಕಯುವತಿಯರು ಮೂಗುಬಾಯಿಗೆ ಉಸಿರಾಟದ ಸಾಧನವನ್ನಷ್ಟೇ ಕಟ್ಟಿಕೊಂಡು ಹೊರಗೆ ಜಿಗಿದು, ಕೈಕಾಲು ಬಡಿಯುತ್ತ ಈಜಿ, ಮಿಂಚುಹುಳುಗಳಂತೆ ಹೊಳೆಯುವ ಕಣಗಳನ್ನು ಹಿಡಿಯುತ್ತಾರೆ. ಇಷ್ಟು ನಿರ್ಭಿಡೆಯಿಂದ ಅಂತರಿಕ್ಷವನ್ನು ನೀರೆಂದೇ ಭಾವಿಸಿದ ದೃಶ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ನಿರ್ವಾತದಲ್ಲಿ ಕೈ ಬಡಿದರೆ ಮೈ ಒಂದಿಂಚೂ ಮುಂದೆ ಸಾಗದು ಎಂದು ಹೇಳಿ ಯಾರ ಸಂತೋಷವನ್ನೂ ಕೆಡಿಸುವುದಿಲ್ಲ.

ಹಾಯಿಯ ವಿಷಯದಲ್ಲಿ ಮಾತ್ರ ವಿಜ್ಞಾನ ಅವರ ಪರ ಸ್ವಲ್ಪ ವಾದಿಸುತ್ತದೆ. ಬೆಳಕು ತಾಗಿದ ವಸ್ತುವನ್ನು ಅತಿ ಮೆಲ್ಲಗೆ ತಳ್ಳುತ್ತದೆ. ಜಪಾನಿನ ಅಂತರಿಕ್ಷ ಸಂಸ್ಥೆ ಜಾಕ್ಸಾ 2010ರ ಮೇ 21ರಂದು ಹಾರಿಸಿದ 'ಇಕಾರೊಸ್' ಬೆಳಕಿನ ಹಾಯಿಯಿಂದ ಗ್ರಹಗಳ ನಡುವೆ ಸಾಗಿದ ಮೊದಲ ನೌಕೆ. ಹದಿನಾಲ್ಕು ಮೀಟರ್ ಬಾಹುವಿನ ಚೌಕ ಹಾಯಿ, ದಪ್ಪ ಒಂದು ಮಿಲಿಮೀಟರಿನ ನೂರನೇ ಒಂದು ಪಾಲಿಗಿಂತಲೂ ಕಡಿಮೆ. ಅದರ ಮೇಲೆ ಸೂರ್ಯನ ಬೆಳಕು ಹಾಕಿದ ಒತ್ತಡ, ಭೂಮಿಯ ಮೇಲೆ ಗ್ರಾಮಿನ ಹತ್ತನೇ ಒಂದು ಪಾಲು ತೂಗುವ ವಸ್ತುವಿನ ಭಾರದಷ್ಟು. ರಾಕೆಟ್ ಕೊಟ್ಟ ವೇಗಕ್ಕೆ ಅಷ್ಟನ್ನು ಸೇರಿಸಿಕೊಂಡು ಅದೇ ವರ್ಷದ ಡಿಸೆಂಬರಿನಲ್ಲಿ ಅದು ಶುಕ್ರನನ್ನು ದಾಟಿತು. ತೊಯೆ ಸಂಸ್ಥೆಯ ಹಾಯಿಗೆ ಇದರಿಂದ ಪೂರ್ವಾನ್ವಯ ಸಮರ್ಥನೆ ಸಿಗುವುದಿಲ್ಲ. ಆ ಹಾಯಿ ಉಬ್ಬುವುದು ಗಾಳಿಗೇ.

ಹುಟ್ಟು ಹಾಕುವ ಅಂತರಿಕ್ಷ ನೌಕೆಯೂ ಇದೆಯಂತೆ, ನಿಜವೇ?

ಹೆಚ್ಚುಕಡಿಮೆ ನಿಜ. 'ದಿ ವಾರ್ ಇನ್ ಸ್ಪೇಸ್' ಚಿತ್ರದ ಶತ್ರುನೌಕೆ ದೈಮಕನ್ ಪ್ರಾಚೀನ ರೋಮನ್ನರ ಯುದ್ಧದೋಣಿಯ ಆಕಾರದ್ದು. ಇಕ್ಕೆಲಗಳಲ್ಲಿ ಹುಟ್ಟುಗಳಂತೆ ಸಾಲಾಗಿ ಚಾಚಿಕೊಂಡಿರುವವು ಫಿರಂಗಿಗಳು. ಶತ್ರು ಸೇನಾಪತಿಯ ತಲೆಯ ಮೇಲೂ ರೋಮನ್ ಶಿರಸ್ತ್ರಾಣ. ಇವರ ನೆಲೆ ಶುಕ್ರಗ್ರಹದಲ್ಲಿ. ಎದುರಿಸಲು ಹೋಗುವುದು ಗೊತೆಂಗೊವಿನ ವಂಶದ, ಮೂತಿಯಲ್ಲಿ ಬೈರಿಗೆಯುಳ್ಳ ಹಡಗು. ಚಿತ್ರ ಅವಸರದ ಅಡುಗೆ. ದೈಮಕನ್ ಒಂದನ್ನು ನೋಡಲು ಕೂರಬಹುದು.

ಹೊಡೆತ ತಿಂದ ನೌಕೆಗಳು ಪಕ್ಕಕ್ಕೆ ವಾಲಿ 'ಮುಳುಗು'ವುದೇಕೆ? ಹೊಗೆ ಮೇಲಕ್ಕೆ ಏಳುವುದೇಕೆ?

ಅನಿಮೆಯಲ್ಲಿ ಇದು ರೂಢಿ, ಚಲನಚಿತ್ರಗಳಲ್ಲಿ ಕಾರ್ಖಾನೆಯ ಗುರುತು. ತೊಹೊ ಸಂಸ್ಥೆಯ ವಿಶೇಷ ದೃಶ್ಯಗಳ ಗುರು ಏಜಿ ತ್ಸುಬುರಾಯಾ 1942ರಲ್ಲೇ ಪರ್ಲ್ ಹಾರ್ಬರ್ ದಾಳಿಯನ್ನು ಪುಟ್ಟ ಮಾದರಿಗಳಿಂದ ಮರುಸೃಷ್ಟಿಸಿದವರು. ಯುದ್ಧಚಿತ್ರಗಳ ಕಡಲಿಗಾಗಿ 1960ರಲ್ಲಿ ಸ್ಟುಡಿಯೊದಲ್ಲಿ ಒಂದು ಬೃಹತ್ ಕೊಳ ಕಟ್ಟಿದರು. ಅದೇ ಕೊಳದಲ್ಲಿ ಗಾಡ್ಜಿಲ್ಲಾ ಈಜಿತು, ಅದೇ ತಂಡ ಅಂತರಿಕ್ಷ ಯುದ್ಧಗಳನ್ನೂ ತೆಗೆಯಿತು. ಹಡಗಿನ ಮಾದರಿಯನ್ನು ತಂತಿಯಲ್ಲಿ ತೂಗಿ, ಮೂತಿಯನ್ನು ಕೊಂಚ ಮೇಲೆತ್ತಿ, ಅಲೆಯ ಮೇಲೆ ಏರಿಳಿಯುವಂತೆ ನಡೆಸುವುದು ಅವರಿಗೆ ಕರತಲಾಮಲಕ. ಸ್ಫೋಟಕ್ಕೆ ಬಳಸುತ್ತಿದ್ದುದು ನಿಜವಾದ ಬೆಂಕಿ. ಭೂಮಿಯ ಮೇಲಿನ ಬೆಂಕಿಯ ಹೊಗೆ ಮೇಲಕ್ಕಲ್ಲದೆ ಇನ್ನೆಲ್ಲಿಗೆ ಹೋದೀತು? ಕೊಳವನ್ನು 2004ರಲ್ಲಿ ಕೆಡವಿದರು. ಅದೇ ವರ್ಷದ ಗಾಡ್ಜಿಲ್ಲಾ ಚಿತ್ರದಲ್ಲಿ ಗೊತೆಂಗೊ ಮತ್ತೆ ಹಾರಿತು.

ಹಾರ್ಲಾಕ್ ಕಡಲ್ಗಳ್ಳನೇ? ಏನನ್ನು ದೋಚುತ್ತಾನೆ?

ದೋಚುವುದಕ್ಕಿಂತ ತತ್ತ್ವ ಹೇಳುವುದೇ ಹೆಚ್ಚು. ಲೇಜಿ ಮತ್ಸುಮೊತೊ 1977ರಲ್ಲಿ ಆರಂಭಿಸಿದ ಈ ಕಾಮಿಕ್ಸ್ ಕಥೆ 2977ರಲ್ಲಿ ನಡೆಯುತ್ತದೆ. ಯಂತ್ರಗಳು ಎಲ್ಲವನ್ನೂ ಒದಗಿಸಿ ಮನುಷ್ಯರು ಸೋಮಾರಿಗಳಾಗಿದ್ದಾರೆ. ಗಡಿಪಾರಾದ ಹಾರ್ಲಾಕ್ ತಲೆಬುರುಡೆಯ ಬಾವುಟ ಹಾರಿಸಿಕೊಂಡು, ತನ್ನನ್ನು ಬೇಡವೆಂದ ಭೂಮಿಯನ್ನೇ ಕಾಯುತ್ತಾನೆ. ಒಂದು ಕಣ್ಣಿಗೆ ಪಟ್ಟಿ, ಕೆನ್ನೆಯ ಮೇಲೆ ಗಾಯ, ನೆಲ ಗುಡಿಸುವಷ್ಟು ಉದ್ದದ ಮೇಲುಹೊದಿಕೆ.

ಅವನ ಹಡಗು ಅರ್ಕೇಡಿಯದ ಮುಂಭಾಗ ಆಧುನಿಕ ಯುದ್ಧನೌಕೆ. ಹಿಂಭಾಗಕ್ಕೆ ಬಂದರೆ ಹದಿನೇಳನೇ ಶತಮಾನದ ಮರದ ಹಡಗಿನ ಅಟ್ಟ, ಕಿಟಕಿ. ಚುಕ್ಕಾಣಿಯೂ ಮರದ್ದೇ, ಹಿಡಿಗಳಿರುವ ದೊಡ್ಡ ಚಕ್ರ. ಹಡಗಿನ ಗಣಕಯಂತ್ರದಲ್ಲಿ ಅದನ್ನು ಕಟ್ಟಿದ ಸತ್ತ ಗೆಳೆಯನ ಆತ್ಮವಿದೆ. ನನಗೆ ಇಷ್ಟವಾದವನು ಉಪನಾಯಕ ಯತ್ತರನ್. ಶತ್ರುಗಳು ಬಾಗಿಲಲ್ಲಿದ್ದರೂ ಅವನು ನೆಲದ ಮೇಲೆ ಕೂತು ಪ್ಲಾಸ್ಟಿಕ್ ಮಾದರಿಗಳಿಗೆ ಅಂಟು ಹಚ್ಚುತ್ತಿರುತ್ತಾನೆ. ಈ ಇಡೀ ಪ್ರಕಾರ ಯಾರ ಕೋಣೆಯಿಂದ ಹೊರಬಂತು ಎಂಬುದನ್ನು ಮತ್ಸುಮೊತೊ ಹಡಗಿನೊಳಗೇ ಬರೆದಿಟ್ಟಿದ್ದಾರೆ. ಫ್ರಾನ್ಸಿನಲ್ಲಿ 1980ರಿಂದ ಇವನ ಹೆಸರು ಅಲ್ಬಾತೋರ್. ಅಲ್ಲಿ ಒಂದು ತಲೆಮಾರೇ ಇವನನ್ನು ನೋಡಿ ಬೆಳೆಯಿತು.

ಜಲಾಂತರ್ಗಾಮಿಗಳಿಗೆ ಅಂತರಿಕ್ಷದಲ್ಲಿ ಏನು ಕೆಲಸ?

1980ರ 'ಯಮಾತೊ' ಮೂರನೇ ಸರಣಿಯಲ್ಲಿ ಆಯಾಮಗಳ ನಡುವೆ ಮುಳುಗುವ ನೌಕೆ ಬರುತ್ತದೆ. ಅದು ಬೇರೆ ಆಯಾಮದಲ್ಲಿ ಅವಿತು, ಪೆರಿಸ್ಕೋಪನ್ನಷ್ಟೇ ಈ ಕಡೆಗೆ ಚಾಚುತ್ತದೆ. ವಿಮಾನವಾಹಕ ನೌಕೆಗಳಂತೂ ಮೊದಲ ಸರಣಿಯಲ್ಲೇ ಇವೆ. ಇಪ್ಪತ್ತೆರಡನೇ ಕಂತಿನಲ್ಲಿ ಶತ್ರು ಸೇನಾನಿ ಡೊಮೆಲ್ ನಾಲ್ಕು ವಾಹಕ ನೌಕೆಗಳೊಡನೆ ಏಳು ಬಣ್ಣದ ನಕ್ಷತ್ರಪುಂಜದಲ್ಲಿ ಕಾದು, ಅಲೆ ಅಲೆಯಾಗಿ ವಿಮಾನಗಳನ್ನು ಕಳುಹಿಸುತ್ತಾನೆ. ಪೆಸಿಫಿಕ್ ಯುದ್ಧದ ಪಾಠ ಇಲ್ಲಿ ಅಚ್ಚೊತ್ತಿದಂತಿದೆ: ದೊಡ್ಡ ಫಿರಂಗಿಯ ಹಡಗನ್ನು ವಿಮಾನಗಳಿಂದ ಹೊಡೆಯಬೇಕು. ಕೊನೆಗೆ ಯಮಾತೊದ ತರಂಗ ಫಿರಂಗಿಯ ಬಾಯಿಗೇ ಒಂದು ಬೈರಿಗೆ ಕ್ಷಿಪಣಿಯನ್ನು ನೆಡುತ್ತಾನೆ. ಒಳಹೊಕ್ಕ ತಂತ್ರಜ್ಞರು ಅದನ್ನು ಹಿಂದುಮುಂದಾಗಿ ತಿರುಗಿಸುತ್ತಾರೆ, ಅದು ಬಿಚ್ಚಿಕೊಂಡು ಹಿಂದಕ್ಕೆ ಹಾರಿ ಕಳುಹಿಸಿದವನ ನೌಕೆಗಳನ್ನೇ ಸುಡುತ್ತದೆ. ಈ ಬಾರಿ ಮಾತ್ರ ಹಡಗು ಉಳಿಯುತ್ತದೆ. 1945ರ ಏಪ್ರಿಲ್ ಗೊತ್ತಿದ್ದ ಜಪಾನಿ ಪ್ರೇಕ್ಷಕನಿಗೆ ಇದು ಏನೆಂದು ವಿವರಿಸಬೇಕಿರಲಿಲ್ಲ.

'ಮ್ಯಾಕ್ರಾಸ್' ಕೂಡ ಇದೇ ಗುಂಪೇ?

ದೂರದ ಸಂಬಂಧಿ. 1982ರ ಆ ಸರಣಿಯಲ್ಲಿ ಅಂತರಿಕ್ಷ ನೌಕೆಯೊಂದು ಅಚಾತುರ್ಯದಿಂದ ಎರಡು ಸಮುದ್ರದ ಹಡಗುಗಳನ್ನೂ ತನ್ನೊಡನೆ ಪ್ಲೂಟೊದ ಬಳಿಗೆ ಎಳೆದೊಯ್ದು, ಅವನ್ನೇ ಎರಡು ತೋಳುಗಳಾಗಿ ಜೋಡಿಸಿಕೊಳ್ಳುತ್ತದೆ. ಆಮೇಲೆ ಆ ಹಡಗನ್ನೇ ಮುಷ್ಟಿಯಾಗಿಸಿ ಶತ್ರುನೌಕೆಗೆ ಗುದ್ದುತ್ತದೆ.

ಇದು ಸಾಮ್ರಾಜ್ಯಶಾಹಿ ಸೇನೆಯ ವೈಭವೀಕರಣವಲ್ಲವೇ?

ಈ ಪ್ರಶ್ನೆಯನ್ನು ಜಪಾನಿನಲ್ಲೂ ಕೇಳುತ್ತ ಬಂದಿದ್ದಾರೆ, ಕೇಳಲೇಬೇಕು. ಸೋತ ನೌಕೆಗೆ ಗೆಲುವು ದೊರಕಿಸಿಕೊಡುವ ಕಲ್ಪನೆಯಲ್ಲಿ ಹಠದ ವಾಸನೆ ಇದ್ದೇ ಇದೆ. ಆದರೆ ಮೊದಲ ಸರಣಿ ತನ್ನ ಗೆಲುವನ್ನು ಅರಗಿಸಿಕೊಳ್ಳಲಾರದೆ ಒದ್ದಾಡುತ್ತದೆ. ಇಪ್ಪತ್ತನಾಲ್ಕನೇ ಕಂತಿನಲ್ಲಿ ಗಮಿಲಾಸ್ ನೆಲಸಮವಾದಾಗ ಕಥಾನಾಯಕ ಕೊಡಾಯ್ ಅವಶೇಷಗಳ ನಡುವೆ ನಿಂತು ಅಳುತ್ತಾನೆ. ಆ ಗ್ರಹವೂ ಸಾಯುತ್ತಿತ್ತು, ಅವರಿಗೂ ಬದುಕುವ ತಾಣ ಬೇಕಿತ್ತು ಎಂಬುದು ಅವನಿಗೆ ಆಗ ಹೊಳೆಯುತ್ತದೆ.

ನನ್ನ ತಕರಾರು 1978ರ 'ಫೇರ್‌ವೆಲ್' ಎಂಬ ಯಮಾತೊ ಚಲನಚಿತ್ರದ ಮೇಲೆ. ಅದರಲ್ಲಿ ಸಂಗಾತಿಗಳೆಲ್ಲ ಒಬ್ಬೊಬ್ಬರಾಗಿ ಸತ್ತ ಮೇಲೆ ಕೊಡಾಯ್ ಹಡಗಿನೊಡನೆ ಶತ್ರುವಿನ ಕಡೆಗೆ ನುಗ್ಗಿ ಪ್ರಾಣ ಕೊಡುತ್ತಾನೆ. ಚಿತ್ರ ಭರ್ಜರಿಯಾಗಿ ಓಡಿತು. ಆತ್ಮಾಹುತಿಯನ್ನು ಇಷ್ಟು ಸುಂದರವಾಗಿ ತೋರಿಸುವುದು ಸರಿಯಲ್ಲ ಎಂಬ ಟೀಕೆಯೂ ಬಂತು. ಅದೇ ವರ್ಷ ಶುರುವಾದ ದೂರದರ್ಶನ ಆವೃತ್ತಿಯಲ್ಲಿ ಅಂತ್ಯವನ್ನು ಬದಲಿಸಿ ಅವನನ್ನು ಬದುಕಿಸಿದರು. ಎರಡನ್ನೂ ನೋಡಿ, ಬದಲಿಸಿದ್ದೇ ಒಳ್ಳೆಯದಾಯಿತು ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. 'ಯಮಾತೊ' ಮೊದಲ ಸರಣಿಯನ್ನು ನಿರ್ದೇಶಿಸಿದವರೂ ಆದ ಮತ್ಸುಮೊತೊ ಅವರ ತಂದೆ ಸೇನೆಯ ವಿಮಾನಚಾಲಕರಾಗಿದ್ದವರು. ಸತ್ತು ವೀರನಾಗುವುದಕ್ಕಿಂತ ಬದುಕಿ ಹೊಣೆ ಹೊರುವುದೇ ಮೇಲು ಎಂಬ ನಿಲುವು ಅವರ ಕೃತಿಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ನಿರ್ಮಾಪಕ ಯೋಶಿನೊಬು ನಿಶಿಜಾಕಿ ಅವರಿಗೂ ಮತ್ಸುಮೊತೊ ಅವರಿಗೂ ಮುಂದೆ ಕೃತಿಯ ಹಕ್ಕಿನ ವಿಷಯದಲ್ಲಿ ಜಗಳವಾಗಿ ನ್ಯಾಯಾಲಯದವರೆಗೂ ಹೋಯಿತು.

ಅಂತರಿಕ್ಷದಲ್ಲಿ ನೀರಿನಲ್ಲೇ ಮುಳುಗುವ ಹಡಗು ಇದೆ ಎನ್ನುತ್ತಾರಲ್ಲ?

1983ರ 'ಫೈನಲ್ ಯಮಾತೊ'. ನೀರಿನ ಗ್ರಹ ಅಕ್ವೇರಿಯಸ್ ಭೂಮಿಯನ್ನು ಮುಳುಗಿಸಲು ಬರುತ್ತಿದೆ. ಅದನ್ನು ತಡೆಯಲು ಹಡಗು ತನ್ನನ್ನೇ ಸ್ಫೋಟಿಸಿಕೊಳ್ಳುತ್ತದೆ, ಅಂತರಿಕ್ಷದಲ್ಲಿ ಹರಡಿದ ಸಮುದ್ರವೊಂದರಲ್ಲಿ ಮೂತಿ ಮೇಲೆ ಮಾಡಿ ನಿಧಾನವಾಗಿ ಮುಳುಗುತ್ತದೆ. ಒಂಬತ್ತು ವರ್ಷ ಕಡಲಿನ ವೇಷ ಹಾಕಿಸಿದ ಮೇಲೆ ನಿಜವಾದ ಕಡಲನ್ನೇ ತಂದು ಸುರಿದರು. ಇದೇ ಚಿತ್ರದಲ್ಲಿ, ಮೊದಲ ಸರಣಿಯ ಕೊನೆಯಲ್ಲಿ ಎಲ್ಲರ ಕಣ್ಣಲ್ಲೂ ನೀರು ತರಿಸಿ ಸತ್ತಿದ್ದ ಕಪ್ತಾನ ಒಕಿತಾ ಜೀವಂತನಾಗಿ ಬರುತ್ತಾನೆ. ಕಾರಣ? ವೈದ್ಯರು ತಪ್ಪಾಗಿ ಸಾವು ಘೋಷಿಸಿದ್ದರಂತೆ. ಆ ವೈದ್ಯರ ಕೈಯಲ್ಲಿ ಸದಾ ಸಾಕೆ ಮದ್ಯದ ಬಾಟಲಿ ಇರುತ್ತಿದ್ದುದರಿಂದ ನಂಬಬಹುದಾದ ವಿವರಣೆಯೇ.

ಇಷ್ಟೆಲ್ಲ ನಗೆಪಾಟಲಾದರೂ ಕಣ್ಣು ಒದ್ದೆಯಾಗುವುದೇಕೆ?

ಮೊದಲ ಸರಣಿಯ ಹತ್ತನೇ ಕಂತನ್ನು ನೋಡಿ. ಹಡಗು ಸೌರಮಂಡಲ ದಾಟುತ್ತಿದೆ, ಇನ್ನು ಭೂಮಿಯೊಡನೆ ಸಂಪರ್ಕ ಇರದು. ಪ್ರತಿಯೊಬ್ಬರಿಗೂ ಮನೆಯವರೊಡನೆ ಮಾತನಾಡಲು ಕೆಲವೇ ನಿಮಿಷ. ಸಾಲಾಗಿ ನಿಂತು ಒಬ್ಬೊಬ್ಬರೇ ಒಳಹೋಗುತ್ತಾರೆ. ಪರದೆಯ ಮೇಲೆ ತಾಯಿ, ತಂದೆ, ಹಿಂದೆ ಇಣುಕುವ ನೆರೆಯವರು. ಕೊಡಾಯ್‌ಗೆ ಮಾತನಾಡಲು ಯಾರೂ ಇಲ್ಲ, ಅಪ್ಪ ಅಮ್ಮ ಬಾಂಬಿಗೆ ಬಲಿಯಾಗಿದ್ದಾರೆ. ಅವನು ಕಪ್ತಾನನ ಕೋಣೆಗೆ ಹೋಗುತ್ತಾನೆ. ಮಗನನ್ನು ಯುದ್ಧದಲ್ಲಿ ಕಳೆದುಕೊಂಡ ಆ ಮುದುಕನಿಗೂ ಯಾರೂ ಇಲ್ಲ. ಇಬ್ಬರೂ ಕುಡಿಯುತ್ತಾರೆ, ಕಿಟಕಿಯಿಂದ ಚುಕ್ಕೆಯಾದ ಸೂರ್ಯನನ್ನು ನೋಡಿ ವಿದಾಯ ಕೂಗುತ್ತಾರೆ.

ಈ ಕಂತಿನಲ್ಲಿ ಗುಂಡು ಹಾರುವುದಕ್ಕಿಂತ ಬಂದರಿನ ಬೀಳ್ಕೊಡುಗೆಯೇ ದೊಡ್ಡದು. ರಾಕೆಟ್ಟಿನ ಕಥೆಯಲ್ಲಿ ಇದಕ್ಕೆ ಜಾಗ ಸಿಗುವುದು ಕಷ್ಟ. ಅದು ಸುಮಾರು ಹತ್ತು ನಿಮಿಷದಲ್ಲಿ ಕಕ್ಷೆ ಸೇರುತ್ತದೆ. ಹಡಗು ನಿಧಾನ. ಅದರಲ್ಲಿ ಅಡುಗೆಮನೆ ಇದೆ, ಜಗಳ ಇದೆ, ಊರು ಕಣ್ಮರೆಯಾಗುವವರೆಗೆ ಡೆಕ್ಕಿನ ಮೇಲೆ ನಿಲ್ಲುವ ಅವಕಾಶ ಇದೆ. ಕೆಂಪು ತಳವನ್ನೂ ಹೊಗೆಕೊಳವೆಯನ್ನೂ ಬಿಟ್ಟುಕೊಡಲು ಒಪ್ಪದ ಅದೇ ಬಾಲಿಶ ಹಠ ಈ ದೃಶ್ಯವನ್ನೂ ಬರೆದಿದೆ. ಒಂದು ಬೇಕು, ಇನ್ನೊಂದು ಬೇಡ ಎಂದರೆ ಆಗದು.

ಮೊದಲ ಪ್ರಸಾರದಲ್ಲೇ 'ಯಮಾತೊ' ಗೆದ್ದಿತೇ?

ಸೋತಿತು. ಎದುರಿನ ವಾಹಿನಿಯಲ್ಲಿ ಅದೇ ಹೊತ್ತಿಗೆ 'ಹೈಡಿ' ಬರುತ್ತಿತ್ತು. ಆಲ್ಪ್ಸ್ ಪರ್ವತದ ಆ ಪುಟ್ಟ ಹುಡುಗಿಯ ಮುಂದೆ ಒಂಬತ್ತು ಫಿರಂಗಿಗಳೂ ಸಪ್ಪಗಾದವು. ವೀಕ್ಷಕರಿಲ್ಲದೆ ಕಥೆಯನ್ನು 26 ಕಂತಿಗೆ ಮೊಟಕುಗೊಳಿಸಿದರು. ಮರುಪ್ರಸಾರದಲ್ಲಿ ಅಭಿಮಾನಿಗಳು ಹುಟ್ಟಿಕೊಂಡರು, 1977ರಲ್ಲಿ ಕಂತುಗಳನ್ನು ಹೊಲಿದು ಮಾಡಿದ ಚಲನಚಿತ್ರಕ್ಕೆ ಯುವಜನ ಹಿಂದಿನ ರಾತ್ರಿಯಿಂದಲೇ ಸಾಲು ನಿಂತರು.

ಎಲ್ಲಿಂದ ನೋಡಲು ಶುರುಮಾಡಲಿ?

ಹಳೆಯ ರೇಖೆಗಳು ಕಣ್ಣಿಗೆ ಒಗ್ಗುವುದಾದರೆ 1974ರ ಸರಣಿಯ ಮೊದಲ ಮೂರು ಕಂತು. ಒಗ್ಗದಿದ್ದರೆ 2012ರಲ್ಲಿ ಬಂದ 'ಯಮಾತೊ 2199' ಮರುನಿರ್ಮಾಣ. ಜಲಾಂತರ್ಗಾಮಿಯೂ ಅದರಲ್ಲೇ ಸಿಗುತ್ತದೆ. ನಿಜವಾದ ನಟರಿರುವ 2010ರ ಯಮಾತೊ ಚಿತ್ರವನ್ನು ನಿರ್ದೇಶಿಸಿದವರು ತಕಾಶಿ ಯಮಜಾಕಿ, ಮುಂದೆ 'ಗಾಡ್ಜಿಲ್ಲಾ ಮೈನಸ್ ಒನ್' ಚಿತ್ರದ ದೃಶ್ಯಪರಿಣಾಮಗಳಿಗೆ ಆಸ್ಕರ್ ಪಡೆದವರು. ಅದನ್ನು ಆಮೇಲೆ ನೋಡಿದರೆ ಸಾಕು. 'ಮೆಸೇಜ್ ಫ್ರಮ್ ಸ್ಪೇಸ್' ಚಿತ್ರವನ್ನು ಒಬ್ಬರೇ ನೋಡಬೇಡಿ, ನಾಲ್ಕು ಜನರನ್ನು ಕರೆಯಿರಿ. 'ಫೈನಲ್ ಯಮಾತೊ' ಎರಡೂವರೆ ಗಂಟೆಗೂ ಮಿಕ್ಕಿದ್ದು, ಊಟ ಮುಗಿಸಿಕೊಂಡೇ ಕೂರಿ.